ಕೆಮ್ಮಿದರೆ ಹಾರ್ಟ್ ಅಟ್ಯಾಕ್ ನಿಲ್ಲುತ್ತಾ? ಸತ್ಯಾಂಶ

'ಒಬ್ಬರೇ ಇದ್ದಾಗ ಹಾರ್ಟ್ ಅಟ್ಯಾಕ್ ಆದರೆ ಜೋರಾಗಿ ಕೆಮ್ಮುತ್ತಾ ಇರಿ, ಜೀವ ಉಳಿಯುತ್ತದೆ' ಎಂಬ ಮೆಸೇಜ್ ಮಂಗಳೂರಿನ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಮತ್ತೆ ಓಡಾಡುತ್ತಿದೆ. ಇದು ಸುಳ್ಳು.

ಹೃದಯಕ್ಕೆ ರಕ್ತ ಕೊಡುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದಾಗ ಹಾರ್ಟ್ ಅಟ್ಯಾಕ್ ಆಗುತ್ತದೆ. ಕೆಮ್ಮಿದರೆ ಆ ಹೆಪ್ಪು ಕರಗುವುದಿಲ್ಲ. ಆಂಜಿಯೋಗ್ರಾಂ ಮಾಡುವ ಕೋಣೆಯಾದ ಕ್ಯಾತ್ ಲ್ಯಾಬ್‌ನಲ್ಲಿ ಹೃದಯದ ಬಡಿತ ಏಕಾಏಕಿ ತಪ್ಪಿದರೆ, ಡಾಕ್ಟರು ಎದುರಲ್ಲೇ ನಿಂತು ಕೆಲವು ಸೆಕೆಂಡು ಕೆಮ್ಮಿಸುವುದುಂಟು. ಅದನ್ನೇ ಯಾರೋ ಮನೆಮದ್ದು ಮಾಡಿಬಿಟ್ಟಿದ್ದಾರೆ.

ಹೆಪ್ಪು ಕರಗಿಸುವ ಮದ್ದಿನ ಹೆಸರು ಟೆನೆಕ್ಟೆಪ್ಲೇಸ್. ರೋಗಿಯ ತೂಕ ನೋಡಿ ಒಂದೇ ಇಂಜೆಕ್ಷನ್, ಕೆಲವೇ ಸೆಕೆಂಡಲ್ಲಿ ಕೊಟ್ಟು ಮುಗಿಯುತ್ತದೆ. ದುಬಾರಿ ಮದ್ದು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ರಾಜ್ಯ ಸರ್ಕಾರ ಇದನ್ನು ತಾಲೂಕು ಆಸ್ಪತ್ರೆಗಳಲ್ಲೂ ಉಚಿತವಾಗಿ ಕೊಡಿಸುತ್ತಿದೆ. ನನಗೆ ದೊಡ್ಡದಾಗಿ ಕಾಣುವುದು ಇದೇ. ಸುಳ್ಯದಂಥ ತಾಲೂಕಿನಿಂದ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಹೆಚ್ಚುಕಮ್ಮಿ ಎರಡು ಗಂಟೆ ದಾರಿ, ಅಲ್ವಾ? ಅಷ್ಟು ಹೊತ್ತು ಹೃದಯ ಕಾಯುವುದಿಲ್ಲ. ಹಾಗಂತ ಈ ಇಂಜೆಕ್ಷನ್ ಎಲ್ಲರಿಗೂ ಆಗುವುದಿಲ್ಲ. ಇತ್ತೀಚೆಗೆ ಸ್ಟ್ರೋಕ್ ಆದವರಿಗೆ ಅಪಾಯ. ಇಸಿಜಿ ನೋಡಿ ಡಾಕ್ಟರೇ ತೀರ್ಮಾನಿಸಬೇಕು.

ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿ ಆಸ್ಪತ್ರೆಗಳಿಗೆ ಇಸಿಜಿ ಯಂತ್ರ ಕೊಡಿಸಿ, ವರದಿಯನ್ನು ವಾಟ್ಸಾಪ್‌ನಲ್ಲೇ ನೋಡುವ ವ್ಯವಸ್ಥೆ ಮಾಡಿದ್ದಾರೆ. ವಾಟ್ಸಾಪ್‌ನಿಂದ ಇಂಥ ಕೆಲಸವೂ ಆಗುತ್ತದೆ ಬಿಡಿ.

ಎದೆ ಹಿಂಡಿದ ಹಾಗಾಗಿ ಬೆವರು ಬಂದರೆ, ಗ್ಯಾಸ್ಟ್ರಿಕ್ ಅಂತ ಸುಮ್ನೆ ಸೋಡಾ ಕುಡಿದು ಕೂರಬೇಡಿ. 108ಕ್ಕೆ ಫೋನ್ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ.