ಗೋಡೆ ಮೇಲೆ ಹಡಗು ಬಂದರೆ

ಮನುಷ್ಯರ ಮುಖ ಬಿಡಿಸುವುದು ಸಲೀಸು. ಮೂಗು ಕೊಂಚ ತಿದ್ದಿ, ವಯಸ್ಸಲ್ಲಿ ಒಂದಿಷ್ಟು ಇಳಿಸಿದರೆ ಕಾಸು ಕೊಡುವವರೂ ಖುಷಿ, ನಾನೂ ಖುಷಿ. ದೋಣಿಗೆ ಆ ರಿಯಾಯಿತಿ ಇಲ್ಲ. 1850ರಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿದ ಅಂಟೋನಿಯೋ ಜೇಕಬ್ಸನ್ ಅಮೆರಿಕಕ್ಕೆ ಹೋಗಿ ಸಾವಿರಾರು ಹಡಗುಗಳ ಚಿತ್ರ ಬರೆದರಂತೆ, ಶುರುವಿನಲ್ಲಿ ಒಂದಕ್ಕೆ ಐದು ಡಾಲರ್. ಪುಣ್ಯಾತ್ಮ ಅದೆಷ್ಟು ಕ್ಯಾಪ್ಟನ್‌ಗಳ ಕೈಯಲ್ಲಿ ಬೈಸಿಕೊಂಡರೋ!

ನನ್ನ ಪಾಲಿಗೆ ಬಂದವರು ಕುವೆಂಪುನಗರದ ನಿವೃತ್ತ ಕ್ಯಾಪ್ಟನ್ ಸಾಹೇಬರು. ಅವರ ಹಾಯಿದೋಣಿಯ ಚಿತ್ರ ನೋಡಿದ್ದೇ ಮನೆಯಮ್ಮನ ತಕರಾರು ಶುರು: “ಅಲ್ಲಾ ರೀ, ದೋಣಿ ಮುಂದೆ ಹೋಗ್ತಿದ್ರೆ ಬಾವುಟ ಹಿಂದಕ್ಕೆ ತಾನೇ ಹಾರ್ಬೇಕು? ಮಂತ್ರಿಗಳ ಕಾರು ನೋಡಿಲ್ವಾ?”

“ಕಾರಿಗೆ ಇಂಜಿನ್ನು ಕಣೇ. ಇದನ್ನ ಗಾಳಿ ಬೆನ್ನಿಂದ ತಳ್ತಿದೆ. ಹಾಯಿ ಉಬ್ಬಿರೋ ಕಡೇನೇ ಬಾವುಟಾನೂ.”

“ಹೋಗ್ಲಿ, ಆ ಕೆಂಪು ದೀಪನಾದ್ರೂ ಹಸಿರು ಮಾಡಿಸಿ. ನಮ್ಮ ಸೋಫಾಗೆ ಮ್ಯಾಚ್ ಆಗುತ್ತೆ.”

“ಕಾಣ್ತಿರೋದು ಎಡಮಗ್ಗುಲು. ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಅದಲುಬದಲಾದ್ರೆ ರಾತ್ರಿ ಎದುರಿಗೆ ಬರೋ ಹಡಗು ಬಂದು ಗುದ್ದುತ್ತೆ!”

“ನಮ್ಮ ಹಾಲ್ ಗೋಡೆ ಮೇಲೆ ಯಾವ ಹಡಗು ರೀ ಬರುತ್ತೆ?”

ನಾನು ಆರಿಹೋದ ಕಾಫಿಯನ್ನೇ ಗುಟುಕರಿಸುತ್ತ ಕೂತೆ.

ಮಳೆಗಾಲದಲ್ಲಿ ಎಣ್ಣೆಬಣ್ಣ ಬೇಗ ಒಣಗುವುದಿಲ್ಲ. ಅಷ್ಟರಲ್ಲಿ ಮೈಸೂರಿನ ಸೊಳ್ಳೆಯೊಂದು ಅರಬ್ಬೀ ಸಮುದ್ರದ ಆಕಾಶಕ್ಕೆ ಅಂಟಿಕೊಂಡಿತ್ತು. ಮೊಮ್ಮಗ “ತಾತ, ಹಕ್ಕಿ!” ಅಂದ. ಕ್ಯಾಪ್ಟನ್ ಕನ್ನಡಕ ಏರಿಸಿ, “ದಡದಿಂದ ಅಷ್ಟು ದೂರಕ್ಕೆ ಸೊಳ್ಳೆ ಹೇಗ್ರೀ ಬಂತು?” ಎಂದು ಗದರಿದರು. ಸೂಜಿಯಲ್ಲಿ ಕಿತ್ತೆ. ಒಂದು ಕಾಲು ಅಲ್ಲೇ ಉಳಿದುಕೊಂಡಿದೆ. ಮೊಮ್ಮಗನಿಗೆ ಮಾತ್ರ ಗೊತ್ತು.

ಆಮೇಲೆ ತಲಕಾಡಿನ ಹರಿಗೋಲಿನವನೊಬ್ಬ ತನ್ನದೂ ಒಂದು ಚಿತ್ರ ಬೇಕು ಅಂದ. ಹರಿಗೋಲು ಅಂದರೆ ಹಾಯಿ ಇಲ್ಲ, ದೀಪ ಇಲ್ಲ, ಹಿಂದು ಮುಂದೇ ಇಲ್ಲ. ಬಿದಿರು ಹೆಣೆದು ತಳಕ್ಕೆ ಟಾರು ಬಳಿದರೆ ಆಯಿತು. ಯಾವ ಹೆಂಡತಿ ಏನು ತಕರಾರು ತೆಗೆದಾಳು ಅಂತ ಧೈರ್ಯವಾಗಿ ಒಪ್ಪಿಕೊಂಡೆ. ದಡದಲ್ಲಿ ಅವನೇ ಬೆರಳು ಮಾಡಿ ತೋರಿಸಿದ್ದನ್ನು ಹೆಣಿಗೆ ಹೆಣಿಗೆ ಸಮೇತ ಬರೆದೆ.

ಚಿತ್ರವನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. “ಚೆಂದಾಗದೆ ಸಾ. ಆದ್ರೆ ಇದು ನಮ್ದಲ್ಲ. ನಮ್ದು ಇಷ್ಟು ದುಂಡುಗಿಲ್ಲ, ಈ ಕಡೀಕೆ ವಸಿ ವಾರೆ. ಇದು ಪಕ್ಕದಲ್ಲಿ ನಿಂತಿತ್ತಲ್ಲ, ನಮ್ಮಣ್ಣಂದು.”

ಅಣ್ಣ ತಮ್ಮಂದಿರಿಗೆ ಮಾತಿಲ್ಲ ಅಂತ ನನಗೇನು ಗೊತ್ತು? ಅಣ್ಣ ಬಂದವನೇ ಚೌಕಾಸಿ ಮಾಡದೆ ದುಡ್ಡು ಎಣಿಸಿ, ತಮ್ಮನ ಕಣ್ಣೆದುರೇ ಚಿತ್ರ ಎತ್ತಿಕೊಂಡು ಹೋದ. ಈಗ ತಮ್ಮ ನನ್ನ ಜೊತೆಗೂ ಮಾತಾಡುತ್ತಿಲ್ಲ.