ಅರ್ಥವಿಲ್ಲದ ಸ್ಟುಡಿಯೋ

ಮೈಸೂರಿನ ನಮ್ಮ ಹಳೇ ಮನೆಯಲ್ಲಿ ಈಗ ಸ್ಟುಡಿಯೋ ಇರುವ ಜಾಗ ಮೊದಲು ಉಗ್ರಾಣವಾಗಿತ್ತು. ಅಕ್ಕಿ ಮೂಟೆ ಹೊರಗೆ ಹೋಯಿತು, ಮೈಕ್ ಒಳಗೆ ಬಂತು. ಗೋಡೆಗೆ ಹಳೇ ಕಂಬಳಿ, ಮೇಜಿನ ಮೇಲೆ ಲ್ಯಾಪ್‌ಟಾಪ್, ಎರಡು ಸ್ಪೀಕರ್, ಜೊತೆಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತಂದ ಸೆಕೆಂಡ್ ಹ್ಯಾಂಡ್ ಸೌಂಡ್ ಮಿಕ್ಸರ್. "ಮನೇಲಿ ಮಿಕ್ಸಿ ಇರುವಾಗ ಇದ್ಯಾಕೋ?" ಅಂದಳು ಅಮ್ಮ. ಅವಳ ದೇವರನಾಮಗಳನ್ನು ರೆಕಾರ್ಡ್ ಮಾಡಿ ನೆಂಟರ ವಾಟ್ಸಾಪ್ ಗ್ರೂಪಿಗೆ ಹಾಕಬೇಕು ಅನ್ನೋದಷ್ಟೇ ನನ್ನ ಆಸೆ.

ಮೊದಲ ದಿನ ಅಮ್ಮ ಫೋನಿನಲ್ಲಿ ತಂಬೂರಿ ಹಚ್ಚಿದಳು. ಐದನೇ ಮನೆ ಶ್ರುತಿ. ಕಣ್ಣು ಮುಚ್ಚಿದಳು, ಮತ್ತೆ ತೆರೆದಳು.

"ಇನ್ನೊಂದು ತಂಬೂರಿ ಯಾಕೆ ಹಾಕಿದೀಯ? ಅದೂ ಶ್ರುತಿ ಸೇರ್ತಿಲ್ಲ. ಒಂಚೂರು ಏರಿದೆ."

ಇನ್ನೊಂದು ತಂಬೂರಿ ಎಲ್ಲಿಂದ ಬರಬೇಕು? ಸ್ಪೀಕರಿನಿಂದ 'ಗುಂಯ್' ಅಂತ ಸದ್ದು ಬರುತ್ತಿತ್ತು. ಆಮೇಲೆ ಲೆಕ್ಕ ಹಾಕಿ ನೋಡಿದೆ, ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಆ ಕಡೆ ಈ ಕಡೆ ಓಡಾಡುತ್ತದೆ. ಅದರ ಗುಂಯ್‌ಗುಡುವಿಕೆ 50ರಲ್ಲೂ ಇರುತ್ತದೆ, 100ರಲ್ಲೂ ಇರುತ್ತದೆ. ಅಮ್ಮನ ತಂಬೂರಿಯ ಮಂದ್ರ ಷಡ್ಜ, ಅಂದರೆ ಕೆಳಗಿನ 'ಸ', ಸೆಕೆಂಡಿಗೆ 98 ಸಲ ಅದುರುತ್ತದೆ. ಎರಡೂ ಸೇರಿದಾಗ ಸೆಕೆಂಡಿಗೆ ಎರಡು ಸಲ 'ವೊಂಯ್ ವೊಂಯ್' ಅಂತ ತೂಗಾಡುತ್ತಿತ್ತು. ಇಡೀ ದೇಶದ ಗ್ರಿಡ್ಡನ್ನೇ ಅಪಶ್ರುತಿ ಅಂತ ಬೈದ ಮೊದಲ ಗಾಯಕಿ ನಮ್ಮಮ್ಮನೇ ಇರಬೇಕು.

ಮೊದಲು ಫ್ರಿಜ್ ಮೇಲೆ ಅನುಮಾನ ಬಂತು. ಆರಿಸಿದೆ. ಗುಂಯ್ ಹೋಗಲಿಲ್ಲ, ಹಾಲು ಹೋಯಿತು. ಫ್ಯಾನ್ ಆರಿಸಿದೆ, ಬೆವರಿದ್ದಷ್ಟೇ ಲಾಭ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಾಗ ಮಾತ್ರ, ಅದುವರೆಗೆ ಗಮನಕ್ಕೇ ಬಾರದಿದ್ದ ಸೊಳ್ಳೆಯಂಥ ಒಂದು ಸಣ್ಣ ಸದ್ದು ನಿಂತಿತು. ಗುಂಯ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಆಮೇಲೆ ತೆಗೆದೆ ಅಡಾಪ್ಟರ್ ಚೀಲ. ಎಲ್ಲರ ಮನೆಯಲ್ಲೂ ಇರುತ್ತದಲ್ವಾ ಅದು? ಯಾವ ಯಂತ್ರದ್ದು ಅಂತ ಯಾರಿಗೂ ನೆನಪಿಲ್ಲ, ಎಸೆಯೋಕೆ ಯಾರಿಗೂ ಧೈರ್ಯವಿಲ್ಲ. ಅಮ್ಮನ ದನಿ ದೇವಸ್ಥಾನದ ಪ್ರಾಕಾರದಲ್ಲಿ ಹಾಡಿದ ಹಾಗೆ ಕೇಳಲಿ ಅಂತ ಪೆಡಲ್ ಅನ್ನುವ ಒಂದು ಪುಟ್ಟ ಡಬ್ಬಿ ಇಟ್ಟಿದ್ದೆ. ಗುಂಯ್ ಅದರ ಅಡಾಪ್ಟರಿನದೇ ಇರಬಹುದು ಅಂತ ಹಳೇ ರೂಟರಿನ ಅಡಾಪ್ಟರ್ ಚುಚ್ಚಿದೆ. ಪಿನ್ನು ಎಷ್ಟು ಚೆನ್ನಾಗಿ ಕೂತಿತು ಅಂದರೆ, ಒಂದಕ್ಕೊಂದು ಹೇಳಿ ಮಾಡಿಸಿದ ಜೋಡಿ. ಜಾತಕ ಮಾತ್ರ ನೋಡಿರಲಿಲ್ಲ. ಪೆಡಲ್ 9 ವೋಲ್ಟಿನದು, ಪಿನ್ನಿನ ನಡುವೆ ಮೈನಸ್. ಅಡಾಪ್ಟರ್ 12 ವೋಲ್ಟಿನದು, ನಡುವೆ ಪ್ಲಸ್. ಪೆಡಲಿನ ದೀಪ ಹತ್ತಲೇ ಇಲ್ಲ, ಹೊಗೆಯೂ ಕಾಣಲಿಲ್ಲ. ಬರೀ ಒಂದು ವಾಸನೆ. "ಸಾರಿಗೆ ಒಗ್ಗರಣೆ ಸೀದುಹೋಯ್ತಾ?" ಅಂತ ಅಮ್ಮ ಅಡುಗೆಮನೆಗೆ ಓಡಿದಳು. ನಾನು ತಡೆಯಲಿಲ್ಲ. ಆಮೇಲೆ ಅಡಾಪ್ಟರಿನ ಬೆನ್ನಿನ ಫೋಟೋ ತೆಗೆದು, ದೊಡ್ಡದು ಮಾಡಿ ನೋಡಿದೆ. ಕಪ್ಪು ಮೈಮೇಲೆ ಬೂದು ಬಣ್ಣದಲ್ಲಿ, ಸಾಸಿವೆ ಕಾಳಿನಷ್ಟು ಗಾತ್ರದ ಒಂದು ಪ್ಲಸ್ಸು, ಒಂದು ಮೈನಸ್ಸು. ಓದಲೇಬಾರದು ಅಂತಲೇ ಅಚ್ಚು ಹಾಕಿದ ಹಾಗಿತ್ತು.

ಅಷ್ಟರಲ್ಲಿ ಒಂದು ವಿಚಿತ್ರ ಕಂಡುಹಿಡಿದೆ. ಮಿಕ್ಸರಿನ ತಗಡಿನ ಮೇಲೆ ಬೆರಳಿಟ್ಟರೆ ಗುಂಯ್ ಮುಕ್ಕಾಲು ಭಾಗ ಇಳಿಯುತ್ತಿತ್ತು. ತೆಗೆದರೆ ಮತ್ತೆ ಶುರು. ಬೆರಳಿಗೆ ಸಣ್ಣಗೆ ಜುಂ ಅನ್ನುತ್ತಿತ್ತು, ಇರಲಿ ಬಿಡು ಅಂದುಕೊಂಡೆ. ಹೀಗೆ ಒಂದು ವಾರ, ಎಡಗೈ ಮಿಕ್ಸರಿನ ಮೇಲೆ, ಬಲಗೈ ಮೌಸಿನ ಮೇಲೆ ಇಟ್ಟುಕೊಂಡು ಮೂರು ಹಾಡು ಮುಗಿಸಿದೆ. ನಾಲ್ಕನೆಯ ಹಾಡಿನ ಹೊತ್ತಿಗೆ ಅಮ್ಮನ ತುಟಿ ಮೈಕಿಗೆ ತಾಗಿತು. ಚರಣದ ಮಧ್ಯೆ "ಅಯ್ಯಪ್ಪಾ!" ಅಂತ ಕಿರುಚಿದಳು. ಹಾಡು ಕೃಷ್ಣನದು.

ಎಲೆಕ್ಟ್ರಿಷಿಯನ್ ಬಂದ. ಹೋಲ್ಡರಿಗೆ ಎರಡು ವೈರು ಸಿಕ್ಕಿಸಿದ 100 ವ್ಯಾಟಿನ ಹಳೇ ಬಲ್ಬು ಅವನ ಚೀಲದಲ್ಲಿತ್ತು. "ಎಲ್‌ಇಡಿ ಸುಳ್ಳು ಹೇಳುತ್ತೆ ಸಾರ್, ಸ್ವಲ್ಪ ಕರೆಂಟು ಸಿಕ್ಕರೂ ಹತ್ತಿಬಿಡುತ್ತೆ. ಇದು ಹೇಳಲ್ಲ" ಅಂದ. ಫೇಸಿಗೂ ನ್ಯೂಟ್ರಲ್ಲಿಗೂ ಹಿಡಿದ, ಬಲ್ಬು ಝಗ್ಗಂತ ಹತ್ತಿತು. ಫೇಸಿಗೂ ಮೂರನೇ ತೂತಿಗೂ ಹಿಡಿದ. ಒಳಗಿನ ತಂತಿ ಊದುಬತ್ತಿಯ ತುದಿಯಷ್ಟು ಕೆಂಪಾಗಿ ಸುಮ್ನಾಯಿತು.

"ನಿಮ್ಮನೇಲಿ ಅರ್ಥಾನೇ ಇಲ್ಲ ಸಾರ್."

"ನಾನೂ ಎಷ್ಟು ದಿನದಿಂದ ಹೇಳ್ತಿದೀನಪ್ಪಾ" ಅಂದಳು ಬಾಗಿಲಲ್ಲಿ ನಿಂತಿದ್ದ ಅಮ್ಮ.

ತಗಡಿಗೆ ಸೋರಿ ಬರುವ ಅಷ್ಟಿಷ್ಟು ಕರೆಂಟು ಮೂರನೇ ಪಿನ್ನಿನ ವೈರಿನಲ್ಲಿ ಇಳಿದು ಮಣ್ಣು ಸೇರಬೇಕು. ದಾರಿ ಇಲ್ಲದ್ದಕ್ಕೆ ಅದು ತಗಡಿನ ಮೇಲೆಯೇ ಕೂತಿತ್ತು, ನಾನು ಬೆರಳಿಟ್ಟಾಗ ನನ್ನ ಮೂಲಕ ಇಳಿಯುತ್ತಿತ್ತು. ಅಂದರೆ ಆ ವಾರ ಮನೆಗೆಲ್ಲ ಅರ್ಥ್ ನಾನೇ. ಇದನ್ನು ಹೆಮ್ಮೆಯಿಂದ ಹೇಳಿದೆ. ಅವನು ನಗಲಿಲ್ಲ. "ಇನ್ನೊಂದ್ಸಲ ಮುಟ್ಟಬೇಡಿ ಸಾರ್. ಒಳಗೆ ಒಂದು ವೈರು ಬಿಚ್ಚಿಕೊಂಡಿದ್ರೆ ನಾನು ಬರ್ತಿರಲಿಲ್ಲ, ಬೇರೆಯವರು ಬರ್ತಿದ್ರು."

ಅರ್ಥ್ ಗುಂಡಿ ಹುಡುಕಲು ಹಿತ್ತಲಿಗೆ ಹೋದೆವು. ಒಗೆಯುವ ಕಲ್ಲಿನ ಪಕ್ಕದಲ್ಲೇ ಸಿಕ್ಕಿತು. ಮನೆ ಕಟ್ಟಿದಾಗ ಇದ್ದಿಲು, ಉಪ್ಪು ತುಂಬಿ ಪೈಪು ಹೂಳಿದ್ದ ಗುಂಡಿ. ಮಣ್ಣು ಬಿರುಕು ಬಿಟ್ಟು ಹಪ್ಪಳದಂತಾಗಿತ್ತು. ಒಣಮಣ್ಣಿನಲ್ಲಿ ಕರೆಂಟು ಸರಿಯಾಗಿ ಇಳಿಯುವುದಿಲ್ಲ. ಅಮ್ಮ ಇಷ್ಟು ವರ್ಷ ಬಟ್ಟೆ ಒಗೆದ ನೀರು ದಿನಾ ಅಲ್ಲಿಗೇ ಹರಿಯುತ್ತಿತ್ತು. ಯಾರಿಗೂ ಗೊತ್ತಿಲ್ಲದೆ ಮನೆಯ ಅರ್ಥ್ ಕಾಪಾಡಿಕೊಂಡು ಬಂದಿದ್ದಳು. ಎರಡು ವರ್ಷದ ಹಿಂದೆ ನಾನು ಪ್ರೀತಿಯಿಂದ ವಾಷಿಂಗ್ ಮೆಷಿನ್ ಕೊಡಿಸಿದೆ.

ಎಂಟು ಕೊಡ ನೀರು ಹುಯ್ದೆವು. ಅವನು ತುಕ್ಕು ಹಿಡಿದ ಕ್ಲಾಂಪು ತಿಕ್ಕಿ ಬಿಗಿದ. ಬಲ್ಬು ಝಗ್ಗಂತು. ಒಳಗೆ ಹೋಗಿ ಎಲ್ಲ ಪ್ಲಗ್ಗುಗಳನ್ನೂ ಒಂದೇ ಬೋರ್ಡಿಗೆ ಸೇರಿಸಿದೆ, ಅಳಿದುಳಿದ ಗುಂಯ್ ಕೂಡ ಹೋಯಿತು.

ಈಗ ವಾಷಿಂಗ್ ಮೆಷಿನ್ನಿನ ನೀರಿನ ಪೈಪನ್ನು ಗುಂಡಿಯ ಕಡೆ ತಿರುಗಿಸಿದ್ದೇವೆ. ಅರ್ಥ್ ಗಟ್ಟಿಯಾಗಿದೆ. ಆದರೆ ಮೆಷಿನ್ ಇರುವುದು ಸ್ಟುಡಿಯೋ ಗೋಡೆಯ ಆಚೆಗೆ. ಅದು ಗಡಗಡ ಅನ್ನುವಾಗ ಹಾಡುವ ಹಾಗಿಲ್ಲ. ಹಾಗಾಗಿ ರೆಕಾರ್ಡಿಂಗಿಗೆ ಮುಂಚೆ ಅಮ್ಮ ಎರಡು ಸೀರೆ ತಗೊಂಡು ಹಿತ್ತಲಿಗೆ ಹೋಗಿ, ಕಲ್ಲಿನ ಮೇಲೆ ಒಗೆದು ಬರುತ್ತಾಳೆ.