ಇವತ್ತು ಯಾವ ವಾರ?

ನಮ್ಮ ಬೀದಿಯ ಬೇಕರಿಯಣ್ಣ ಹಾಸನದ ಕಡೆಯವರು. ಅವರ ಗಲ್ಲಾದ ಮೇಲೊಂದು ಪುಟ್ಟ ಡಬ್ಬಿ ಇತ್ತು. ನಾನು ಟೀ ಕುಡಿದು ದುಡ್ಡು ಹಾಕಿದರೆ ‘ಹದಿನೈದು ರೂಪಾಯಿ ಬಂದಿದೆ’ ಅಂತ ಇಡೀ ಬೀದಿಗೆ ಡಂಗುರ ಸಾರುತ್ತಿತ್ತು. ಡಾಕ್ಟರು ಬೇಡ ಅಂದಿದ್ದ ಮೂರನೇ ಟೀ ಮನೆಯವಳ ಕಿವಿಗೆ ಬೀಳುತ್ತಿದ್ದದ್ದೇ ಹೀಗೆ. ಕೇಳಿಸದೆ ಇದ್ದದ್ದು ತೆರಿಗೆ ಇಲಾಖೆಗೊಂದೇ. ಅದಕ್ಕೆ ನಾಲ್ಕು ವರ್ಷ ಹಿಡಿಯಿತು.

2025ರ ಜುಲೈನಲ್ಲಿ ಒಮ್ಮೆಲೇ ಕೇಳಿಸಿತು. 2021-22ರಿಂದೀಚಿನ ಯುಪಿಐ ಲೆಕ್ಕ ತರಿಸಿಕೊಂಡ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಹೊರಡಿಸಿತು. ಸರಕು ಮಾರುವವರು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು, ಸೇವೆಯವರು 20 ಲಕ್ಷ. ಕಾನೂನಿಗೆ ನನ್ನ ತಕರಾರಿಲ್ಲ. ಆದರೆ 40 ಲಕ್ಷ ಅಂದರೆ ದಿನಕ್ಕೆ ಸುಮಾರು 11 ಸಾವಿರ, ಅದೂ ಗಲ್ಲಾಕ್ಕೆ ಬಿದ್ದದ್ದು, ಜೇಬಲ್ಲಿ ಉಳಿದದ್ದಲ್ಲ. ಮೇಲಾಗಿ ಆ ಕ್ಯೂಆರ್‌ಗೇ ಚೀಟಿ ದುಡ್ಡು ಬರುತ್ತೆ, ಭಾವನ ಕೈಸಾಲ ವಾಪಸ್ ಬರುತ್ತೆ. ಯಂತ್ರದ ಕಣ್ಣಿಗೆ ಎಲ್ಲವೂ ಬನ್ನೇ.

ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ 29 ಲಕ್ಷ ಕಟ್ಟಿ ಅಂತ ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಇಲ್ಲದ ತೆರಿಗೆ ಬಾಕಿ ಉಳಿಸಿಕೊಳ್ಳುವುದು ಸಾಮಾನ್ಯರ ಕೈಲಾಗುವ ಕೆಲಸವೇ?

ಅಂಗಡಿಗಳಲ್ಲಿ ‘ನೋ ಯುಪಿಐ, ಕ್ಯಾಶ್ ಮಾತ್ರ’ ಚೀಟಿ ಅಂಟಿದವು. ಹಾಲಿನ ಟೀ ನಿಲ್ಲಿಸಿ, ಕಪ್ಪು ಟೀ ಕೊಟ್ಟು ಪ್ರತಿಭಟಿಸಿದರು. ಜಿಎಸ್‌ಟಿ ಕೇಂದ್ರದ್ದು ಅಂತ ರಾಜ್ಯದವರು, ನೋಟಿಸು ರಾಜ್ಯದ್ದು ಅಂತ ಕೇಂದ್ರದವರು ಚೆಂಡಾಟ ಆಡಿದರು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ಹಳೇ ಬಾಕಿ ಕೇಳಲ್ಲ, ನೋಂದಣಿ ಮಾಡಿಸಿಕೊಳ್ಳಿ ಅಂದರು. ಇತ್ತ ಇಲಾಖೆ ‘ಜಿಎಸ್‌ಟಿ ತಿಳಿಯಿರಿ’ ಅಂತ ಅಭಿಯಾನ ಶುರು ಮಾಡಿತು. ಮೊದಲು ಪರೀಕ್ಷೆ, ಆಮೇಲೆ ಫೇಲಾದವರ ಪಟ್ಟಿ, ಅದಾದ ಮೇಲೆ ಪಾಠ! ನಮ್ಮ ಮೇಷ್ಟ್ರು ಬೆತ್ತ ಹಿಡಿದವರೇ, ಆದರೂ ಪಾಠ ಮಾಡಿಯೇ ಹೊಡೆಯುತ್ತಿದ್ದರು.

ಬೇಕರಿಯಣ್ಣನಿಗೆ ನೋಟಿಸು ಬಂದಿರಲೇ ಇಲ್ಲ. ಆದರೂ ಡಬ್ಬಿ ಮಾಯವಾಗಿತ್ತು, ಕ್ಯೂಆರ್ ಇದ್ದ ಜಾಗದಲ್ಲಿ ಗೋಂದಿನ ಕಲೆ. ನನ್ನ ಹತ್ತಿರ ಇದ್ದದ್ದು ಐನೂರರ ಒಂದೇ ನೋಟು.

“ಚಿಲ್ಲರೆ ಇಲ್ಲ ಸಾರ್” ಅಂದು, ಅತ್ತಿತ್ತ ನೋಡಿ, ಬಿಸ್ಕತ್ ಡಬ್ಬದ ಹಿಂದಿನಿಂದ ಮೂರು ಕ್ಯೂಆರ್ ತೆಗೆದರು. ಒಂದು ಅವರದು, ಒಂದು ಹೆಂಡತಿಯದು, ಇನ್ನೊಂದು ಭಾಮೈದನದು.

“ಯಾವುದಕ್ಕೆ ಹಾಕಲಿ?”

“ಇವತ್ತು ಯಾವ ವಾರ ಸಾರ್?”

“ಗುರುವಾರ.”

“ಹಂಗಾದ್ರೆ ಭಾಮೈದಂಗೆ ಹಾಕಿ.”